ಎರಡು ಪೊರೆ, ಎರಡು ಕಾಯಿಲೆ

ಹೋದ ವಾರ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು, ಫಸ್ಟ್ ಪಿಯುಸಿ ಸೈನ್ಸ್. "ಅಣ್ಣಾ, ಕೋಶಪೊರೆಗೂ ಕೋಶಕೇಂದ್ರದ ಪೊರೆಗೂ ವ್ಯತ್ಯಾಸ ಬಾಯಿಪಾಠ ಮಾಡಿದೀನಿ, ಬರೆಯೋಕೆ ಕೂತ್ರೆ ಅದಲು ಬದಲಾಗುತ್ತೆ" ಅಂದ್ಲು. ನಾನು ಓದಿದ್ದು ಬಿ.ಕಾಂ. ಸರಿ, ನಾನೂ ಪುಸ್ತಕ ಹಿಡಿದು ಕೂತೆ. ಕೊನೆಗೆ ಅನ್ನಿಸಿದ್ದು ಇಷ್ಟೇ: ಪಟ್ಟಿ ಮಾಡಿದ್ರೆ ಇದು ನೆನಪಿರಲ್ಲ. ಪೊರೆ ಕೆಟ್ಟರೆ ಏನಾಗುತ್ತೆ ಅಂತ ನೋಡಿದ್ರೆ ಮರೆಯೋಕಾಗಲ್ಲ.

ಎರಡೂ ಆಗಿರೋದು ಕೊಬ್ಬಿನ ಅಣುಗಳು ಮತ್ತು ಪ್ರೋಟೀನ್‌ಗಳಿಂದಲೇ. ಜೀವಕೋಶದ ಹೊರಗಿನ ಪೊರೆ ಒಂದೇ. ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲೂ ಇಲ್ಲ. ಗ್ಲೂಕೋಸ್‌ಗೆ, ಉಪ್ಪಿನ ಅಯಾನುಗಳಿಗೆ ಅದರಲ್ಲಿ ಬೇರೆ ಬೇರೆ ಪ್ರೋಟೀನ್ ಬಾಗಿಲುಗಳಿವೆ.

ಡಿಎನ್‌ಎ ಇರೋ ಕೋಶಕೇಂದ್ರಕ್ಕೆ ಮಾತ್ರ ಎರಡು ಪೊರೆ, ಒಂದರೊಳಗೊಂದು. ಎರಡೂ ಸೇರೋ ಕಡೆ ದೊಡ್ಡ ರಂಧ್ರಗಳು. ಆರ್‌ಎನ್‌ಎ ಹೊರಗೆ ಬರೋದು, ಪ್ರೋಟೀನ್‌ಗಳು ಒಳಗೆ ಹೋಗೋದು ಅಲ್ಲಿಂದ. ನಮ್ಮ ಜೀವಕೋಶ ಒಡೆದು ಎರಡಾಗುವಾಗ ಈ ಪೊರೆ ಬಿಚ್ಚಿಕೊಂಡು, ಮತ್ತೆ ಕಟ್ಟಿಕೊಳ್ಳುತ್ತೆ. ಹೊರಪೊರೆ ಹಾಗೆ ಬಿಚ್ಚಿದ್ರೆ ಜೀವಕೋಶವೇ ಇರಲ್ಲ.

ಈಗ ಕಾಯಿಲೆಗೆ ಬರೋಣ. ಸಿಸ್ಟಿಕ್ ಫೈಬ್ರೋಸಿಸ್ ಹೊರಪೊರೆಯ ಒಂದೇ ಒಂದು ಬಾಗಿಲಿನ ತೊಂದರೆ. ಅದು ಕ್ಲೋರೈಡ್ ದಾಟಿಸೋ ಬಾಗಿಲು. ಅದರ ಜೀನ್ ಸಿಕ್ಕಿದ್ದು 1989ರಲ್ಲಿ. ಆ ಬಾಗಿಲು ತೆರೆಯಲ್ಲ, ಅಥವಾ ಪೊರೆಯನ್ನ ತಲುಪೋದೇ ಇಲ್ಲ. ಶ್ವಾಸಕೋಶದ ಲೋಳೆ ಅಂಟಿನ ಹಾಗೆ ಗಟ್ಟಿಯಾಗುತ್ತೆ, ಪದೇ ಪದೇ ಸೋಂಕು. ಮಗುವಿನ ಬೆವರು ಅತಿಯಾಗಿ ಉಪ್ಪು.

ಇನ್ನೊಂದು ಪ್ರೊಜೇರಿಯಾ. 2009ರ 'ಪಾ' ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಮಾಡಿದ ಹುಡುಗನಿಗೆ ಇದ್ದದ್ದು ಇದೇ. ಕೋಶಕೇಂದ್ರದ ಒಳಪೊರೆಗೆ ಆಧಾರವಾಗಿ ಲ್ಯಾಮಿನ್ ಅನ್ನೋ ಪ್ರೋಟೀನಿನ ಬಲೆ ಇರುತ್ತೆ. ಲ್ಯಾಮಿನ್ ಜೀನಿನಲ್ಲಿ ಒಂದು ಅಕ್ಷರ ತಪ್ಪಾದ್ರೆ ದೋಷದ ಪ್ರೋಟೀನ್ ಪೊರೆಗೆ ಅಂಟಿಕೊಂಡೇ ಉಳಿಯುತ್ತೆ, ದುಂಡಗಿರಬೇಕಾದ ಕೋಶಕೇಂದ್ರ ಉಬ್ಬುತಗ್ಗಾಗುತ್ತೆ. ಇದು ಗೊತ್ತಾಗಿದ್ದು 2003ರಲ್ಲಿ. ಕೂದಲು ಉದುರುತ್ತೆ, ಚಿಕ್ಕ ವಯಸ್ಸಿಗೇ ಮುದುಕರ ಹೃದಯದ ಕಾಯಿಲೆ ಬರುತ್ತೆ. ಔಷಧ ಸಿಗದಿದ್ರೆ ಸರಾಸರಿ ಆಯಸ್ಸು ಸುಮಾರು 14 ವರ್ಷ.

ನೋಡಿ, ಒಂದು ಸಾಗಾಟದ ತೊಂದರೆ, ಇನ್ನೊಂದು ಡಿಎನ್‌ಎ ಇರೋ ಮನೆಯ ಗೋಡೆಯ ತೊಂದರೆ. ಔಷಧಗಳೂ ಹಾಗೇ ಬೇರೆ ಬೇರೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವಾಕಾಫ್ಟರ್ ಕೆಲವು ಬಗೆಯ ರೋಗಿಗಳಲ್ಲಿ ಕ್ಲೋರೈಡ್ ಬಾಗಿಲನ್ನ ತೆರೆದಿಡುತ್ತೆ. 2020ರಲ್ಲಿ ಒಪ್ಪಿಗೆ ಪಡೆದ ಲೋನಾಫಾರ್ನಿಬ್, ದೋಷದ ಪ್ರೋಟೀನ್ ಪೊರೆಗೆ ಅಂಟದ ಹಾಗೆ ತಡೆಯುತ್ತೆ. ಪ್ರೊಜೇರಿಯಾ ಪೂರ್ತಿ ವಾಸಿಯಾಗಲ್ಲ, ಆದ್ರೆ ಆ ಮಕ್ಕಳಿಗೆ ಇನ್ನೊಂದಿಷ್ಟು ವರ್ಷ ಸಿಗುತ್ತೆ.

ಯಾವ ಪೊರೆ ಏನು ಮಾಡುತ್ತೆ ಅಂತ ಯಾರೋ ಕೂತು ಸರಿಯಾಗಿ ತಿಳಿದುಕೊಂಡಿದ್ದಕ್ಕೇ ಈ ಔಷಧಗಳು ಬಂದದ್ದು. ತಂಗಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಇನ್ನು ಅದಲು ಬದಲಾಗಲ್ಲ" ಅಂದ್ಲು.

ಮುಂದಿನ ವಾರ ಸಿಗೋಣ.