ದರ್ಜೆಯೂ ರ‍್ಯಾಂಕೂ



ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಕಬ್ಬು, ತಂಬಾಕು, ಜೋಳಗಳ ನಾಡು ಅದು. ಅಲ್ಲಿಯ ರೈತನು ಬಿತ್ತಿಗೆ ಮುಗಿಸಿ ಮುಗಿಲನ್ನು ನೋಡುವಂತೆ, ಅಲ್ಲಿಯ ಕಾಲೇಜು ವಿದ್ಯಾರ್ಥಿಯು ಪದವಿಪರೀಕ್ಷೆಯ ಕೊನೆಯ ಉತ್ತರಪತ್ರಿಕೆಯನ್ನು ಒಪ್ಪಿಸಿ ಬಂದ ದಿನದಿಂದ ಫಲಿತಾಂಶದ ದಾರಿಯನ್ನು ನೋಡತೊಡಗುತ್ತಾನೆ. ಮಳೆಯ ನಿರೀಕ್ಷೆಯನ್ನು ಕುರಿತು ಆಡುವವರು ಬಹು ಮಂದಿ ಉಂಟು. ಈ ಎರಡನೆಯ ನಿರೀಕ್ಷೆಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಇಂದಿನ ಉದ್ದೇಶ.

ಈ ಸೀಮೆಯವರಿಗೆ ಪರೀಕ್ಷಕನು ಹಿಂದೆ ಬಹುದೂರದಲ್ಲಿದ್ದನು. ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪಿತವಾದಾಗ ಲಂಡನ್ ವಿಶ್ವವಿದ್ಯಾಲಯದ ಮಾದರಿಯನ್ನು ಅನುಸರಿಸಿತು. ಪಾಠ ಹೇಳುವ ಕೆಲಸ ಕಾಲೇಜುಗಳದು, ಪರೀಕ್ಷೆಮಾಡಿ ಪದವಿ ಕೊಡುವ ಕೆಲಸ ವಿಶ್ವವಿದ್ಯಾಲಯದ್ದು ಎಂಬ ವಿಭಾಗ ಅಂದಿನಿಂದ ಬಂದದ್ದು. ಕಲಿಸಿದವನೇ ಬೆಲೆಕಟ್ಟದೆ, ಮುಖವನ್ನೇ ಕಾಣದ ಮತ್ತೊಬ್ಬನು ಬೆಲೆಕಟ್ಟುವ ಈ ಪದ್ಧತಿಯಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ ಎಂಬುದು ನಿಜ. ಆದರೆ ಕಾಯುವ ಸಂಕಟವೂ ಅದರೊಡನೆಯೇ ಹುಟ್ಟಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿ ನೆಲಸಿದ ಮೇಲೆ ಪರೀಕ್ಷಕನು ಹತ್ತಿರ ಬಂದನು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಬೆಳಗಾವಿಯಲ್ಲಿ ಆರಂಭವಾದ ಮೇಲೆ ಇನ್ನೂ ಹತ್ತಿರ ಬಂದನು. ಕಾಲೇಜಿನ ಫಲಕದ ಮುಂದೆ ನೂಕುನುಗ್ಗಲಾಗಿ ನಿಂತು ತಮ್ಮ ಸಂಖ್ಯೆಯನ್ನು ಹುಡುಕುತ್ತಿದ್ದ ಕಾಲ ಹೋಗಿ, ಈಗ ಫಲಿತಾಂಶವು ಅಂಗೈಯಲ್ಲಿನ ಮೊಬೈಲಿಗೇ ಬರುತ್ತದೆ. ಆದರೂ ಬರುವವರೆಗಿನ ಎದೆಬಡಿತ ಮುಂಬಯಿಯ ಕಾಲದಲ್ಲಿ ಎಷ್ಟಿತ್ತೋ ಇಂದೂ ಅಷ್ಟೇ ಇದೆ.

ಈ ಎದೆಬಡಿತದೊಳಗೆ ಎರಡು ಆಸೆಗಳು ಬೆರೆತಿರುತ್ತವೆ. ಅವನ್ನು ಬೇರ್ಪಡಿಸಿ ನೋಡುವುದು ಅಗತ್ಯ. ತಾನು ಪ್ರಥಮ ದರ್ಜೆಯಲ್ಲಿ, ಸಾಧ್ಯವಾದರೆ ವಿಶೇಷ ದರ್ಜೆಯಲ್ಲಿ, ಉತ್ತೀರ್ಣನಾಗಬೇಕೆಂಬುದು ಒಂದು ಆಸೆ. ವಿಶ್ವವಿದ್ಯಾಲಯಕ್ಕೇ ಮೊದಲನೆಯವನಾಗಿ ಅಥವಾ ಮೊದಲ ಹತ್ತು ಮಂದಿಯಲ್ಲಿ ಒಬ್ಬನಾಗಿ, ಘಟಿಕೋತ್ಸವದ ವೇದಿಕೆಯಲ್ಲಿ ಸುವರ್ಣಪದಕವನ್ನು ಕೊರಳಿಗೆ ಹಾಕಿಸಿಕೊಳ್ಳಬೇಕೆಂಬುದು ಇನ್ನೊಂದು. ಮೊದಲನೆಯದು ದರ್ಜೆಯ ಆಸೆ, ಎರಡನೆಯದು ರ‍್ಯಾಂಕಿನ ಆಸೆ. ಮೇಲುನೋಟಕ್ಕೆ ಇವು ಒಂದೇ ಏಣಿಯ ಎರಡು ಮೆಟ್ಟಿಲುಗಳಂತೆ ಕಂಡರೂ ಇವುಗಳ ಸ್ವಭಾವವೇ ಬೇರೆ.

ಇದನ್ನು ವಿಶದಪಡಿಸಲು ಅಥಣಿ, ನಿಪ್ಪಾಣಿಗಳ ಚರ್ಮಕಾರರ ಕಸುಬನ್ನೇ ತೆಗೆದುಕೊಳ್ಳೋಣ. ಕೊಲ್ಹಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಬೆಳಗಾವಿ ಅವುಗಳಲ್ಲೊಂದು. ಆ ಮುದ್ರೆಯ ಅರ್ಥವೇನು? ಇಂತಹ ತೊಗಲಿನಿಂದ, ಇಂತಹ ಕೈಗೆಲಸದಿಂದ, ಇಂತಹ ಊರಿನಲ್ಲಿ ಆದ ಜೋಡು ಇದು ಎಂದು. ಆ ಗುಣಮಟ್ಟವನ್ನು ಮುಟ್ಟಿದ ಜೋಡುಗಳು ಸಾವಿರವಿದ್ದರೆ ಸಾವಿರಕ್ಕೂ ಆ ಹೆಸರು ಸಲ್ಲುತ್ತದೆ. ಇದು ಮೊದಲನೆಯ ಜೋಡು, ಅದು ಇನ್ನೂರನೆಯ ಜೋಡು ಎಂದು ಯಾರೂ ಅಂಕೆ ಹಾಕುವುದಿಲ್ಲ. ದರ್ಜೆಯೆಂಬುದು ಇಂತಹ ಮುದ್ರೆ. ವಿದ್ಯಾರ್ಥಿಯು ಇಷ್ಟು ಕಲಿತಿದ್ದಾನೆ ಎಂದು ಅದು ಹೇಳುತ್ತದೆ. ಒಬ್ಬನಿಗೆ ಸಿಕ್ಕಿತೆಂದು ಮತ್ತೊಬ್ಬನಿಗೆ ತಪ್ಪುವುದಿಲ್ಲ. ರ‍್ಯಾಂಕು ಹೇಳುವುದು ಇದಲ್ಲ. ಅವನ ಮುಂದೆ ಎಷ್ಟು ಮಂದಿ ಇದ್ದಾರೆ, ಹಿಂದೆ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಅದೇ ಜ್ಞಾನವುಳ್ಳ ವಿದ್ಯಾರ್ಥಿಯು ಒಂದು ವರ್ಷ ಮೊದಲೇ ಪರೀಕ್ಷೆಗೆ ಕೂತಿದ್ದರೆ ಎರಡನೆಯವನಾಗುತ್ತಿದ್ದನೋ ಇಪ್ಪತ್ತನೆಯವನಾಗುತ್ತಿದ್ದನೋ ಬಲ್ಲವರಾರು?

ರ‍್ಯಾಂಕಿನ ವ್ಯಾಮೋಹಕ್ಕೆ ಹೆಸರಾದ ಪರೀಕ್ಷೆಯೊಂದು ಲೋಕದಲ್ಲಿತ್ತು. ಅದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತದ ಟ್ರೈಪಾಸ್ ಪರೀಕ್ಷೆ. ಅದರಲ್ಲಿ ಪ್ರಥಮ ದರ್ಜೆ ಪಡೆದವರಿಗೆ ರ‍್ಯಾಂಗ್ಲರ್ ಎಂದು ಹೆಸರು. ಅವರೆಲ್ಲರನ್ನೂ ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿ ನಿಲ್ಲಿಸಿ, ಮೊದಲನೆಯವನನ್ನು ಸೀನಿಯರ್ ರ‍್ಯಾಂಗ್ಲರ್ ಎಂದು ಕೊಂಡಾಡುತ್ತಿದ್ದರು. ಆನರ್ಸ್ ಪಟ್ಟಿಯ ಕಟ್ಟಕಡೆಯವನಿಗೆ ಅವನ ಗೆಳೆಯರು ದೊಡ್ಡದೊಂದು ಮರದ ಸೌಟನ್ನು ಬಹುಮಾನವಾಗಿ ಕೊಡುತ್ತಿದ್ದರು. 1854ರಲ್ಲಿ ವಿದ್ಯುತ್ಕಾಂತ ಶಾಸ್ತ್ರದ ಆಚಾರ್ಯನಾದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಎರಡನೆಯವನಾದನು. ಅವನನ್ನು ಹಿಂದೆ ಹಾಕಿದ ಮೊದಲನೆಯವನ ಹೆಸರನ್ನು ಇಂದು ಗಣಿತಜ್ಞರಲ್ಲದವರು ಕೇಳಿಯೂ ಇಲ್ಲ. 1899ರಲ್ಲಿ ನಮ್ಮವರೇ ಆದ ಆರ್. ಪಿ. ಪರಾಂಜಪೆಯವರು ಸೀನಿಯರ್ ರ‍್ಯಾಂಗ್ಲರ್ ಆದರು. ಆ ಪದವಿ ಭಾರತೀಯನೊಬ್ಬನಿಗೆ ದೊರೆತದ್ದು ಅದೇ ಮೊದಲು. ಆದರೆ ಆ ವರ್ಷ ಅವರೊಡನೆ ಇನ್ನೊಬ್ಬ ವಿದ್ಯಾರ್ಥಿಯೂ ಸಮಸಮನಾಗಿ ನಿಂತಿದ್ದನು. ಮೊದಲನೆಯವನು ಒಬ್ಬನೇ ಎಂಬ ಮಾತೂ ಅಲ್ಲಿ ನಿಲ್ಲಲಿಲ್ಲ. ಕೊನೆಗೆ 1909ರ ಪಟ್ಟಿಯೊಂದಿಗೆ ಕೇಂಬ್ರಿಜ್ಜಿನವರು ಈ ಸಾಲುಗಟ್ಟುವ ಪದ್ಧತಿಯನ್ನೇ ಕೈಬಿಟ್ಟರು. ದರ್ಜೆ ಉಳಿಯಿತು, ಕ್ರಮಸಂಖ್ಯೆ ಹೋಯಿತು, ಸೌಟೂ ಹೋಯಿತು.

ಹೀಗೆ ಕ್ರಮಸಂಖ್ಯೆ ಹೋದ ಮೇಲೆ ರ‍್ಯಾಂಗ್ಲರ್ ಆದವರಲ್ಲಿ ಬೆಳಗಾವಿ ಜಿಲ್ಲೆಯವರೊಬ್ಬರುಂಟು. ಅವರೇ 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದ ಡಿ. ಸಿ. ಪಾವಟೆಯವರು. ರಾಯಬಾಗ, ಚಿಕ್ಕೋಡಿಗಳಿಗೆ ಗೋಕಾಕವು ಮಗ್ಗುಲಿನ ಸೀಮೆ. ಆ ಹಳ್ಳಿಯಿಂದ ಹೊರಟು ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ, ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಆ ಬಳಿಕ ಪಂಜಾಬದ ರಾಜ್ಯಪಾಲರಾಗಿ ಅವರು ಕೀರ್ತಿ ಪಡೆದರು. ಪಾವಟೆಯವರು ಎಷ್ಟನೆಯ ರ‍್ಯಾಂಗ್ಲರ್ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಆ ಪ್ರಶ್ನೆಯೇ ಆಗ ಉಳಿದಿರಲಿಲ್ಲ. ಅದರಿಂದ ಅವರ ಗೌರವಕ್ಕೆ ಎಳ್ಳಷ್ಟಾದರೂ ಕುಂದುಂಟಾಯಿತೆ? ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅವರ ಕಾಲದಲ್ಲಿ ಬೆಳೆದು ನಿಂತ ವಿಶ್ವವಿದ್ಯಾಲಯವೇ ಇದಕ್ಕೆ ಉತ್ತರ ಹೇಳುತ್ತದೆ.

ರ‍್ಯಾಂಕನ್ನು ಅತಿಯಾಗಿ ನಂಬಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಅಂಕವೆಂಬುದು ಬಂಗಾರದ ತಕ್ಕಡಿಯಲ್ಲಿ ತೂಗಿದ ತೂಕವಲ್ಲ. 1935ರಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು ಒಂದು ಶೋಧನೆಯನ್ನು ಪ್ರಕಟಿಸಿದರು. ಇತಿಹಾಸದ ಹದಿನೈದು ಉತ್ತರಪತ್ರಿಕೆಗಳನ್ನು ಅನುಭವಶಾಲಿಗಳಾದ ಪರೀಕ್ಷಕರಿಗೆ ಕೊಟ್ಟು ಅವರು ಬೆಲೆಕಟ್ಟಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅವರಲ್ಲಿ ಹದಿನಾಲ್ಕು ಮಂದಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಹೀಗೆ ದೊರೆತ 210 ತೀರ್ಪುಗಳಲ್ಲಿ 92 ತೀರ್ಪುಗಳು ಬದಲಾದವು. ಹಿಂದೆ ಅದೇ ಕೈ ತೇರ್ಗಡೆ ಮಾಡಿದ್ದ ಪತ್ರಿಕೆ ಈಗ ಅದೇ ಕೈಯಿಂದ ಕೆಳಗಿಳಿಯಿತು, ಇಲ್ಲವೆ ಮೇಲೇರಿತು. ಪರೀಕ್ಷಕರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ಪ್ರಾಮಾಣಿಕನಾದ ಮನುಷ್ಯನ ತೀರ್ಪಿನಲ್ಲಿಯೂ ಇಷ್ಟು ಅಲುಗಾಟ ಇರುತ್ತದೆ ಎಂದು ಅರ್ಥ. ಹೀಗಿರುವಾಗ ಅರ್ಧ ಅಂಕದ ಅಂತರದಲ್ಲಿ ಒಬ್ಬನಿಗೆ ಪದಕವೂ ಮತ್ತೊಬ್ಬನಿಗೆ ಮೌನವೂ ದೊರೆತರೆ, ಆ ಅಂತರವು ವಿದ್ಯೆಯದೆಂದು ಪ್ರಮಾಣಮಾಡಿ ಹೇಳಬಲ್ಲವರಾರು?

ದರ್ಜೆಯ ಗೆರೆಯಲ್ಲಿಯೂ ಇದೇ ಅಲುಗಾಟವಿಲ್ಲವೆ, ನೂರಕ್ಕೆ 59 ಪಡೆದವನಿಗೂ 60 ಪಡೆದವನಿಗೂ ಏನು ವ್ಯತ್ಯಾಸ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಗೆರೆಯ ಅಂಚಿನಲ್ಲಿ ನಿಂತವರಿಗೆ ಅನ್ಯಾಯವಾಗುವ ಸಂಭವವುಂಟು. ಮರುಮೌಲ್ಯಮಾಪನದ ಏರ್ಪಾಡು ಇರುವುದು ಅದಕ್ಕಾಗಿಯೇ. ಸಂದೇಹವಿದ್ದವರು ಸಂಕೋಚಪಡದೆ ಅದನ್ನು ಬಳಸಿಕೊಳ್ಳಬೇಕು. ಆದರೆ ದರ್ಜೆಯಲ್ಲಿ ಗೆರೆಗಳು ಎರಡೋ ಮೂರೋ ಮಾತ್ರ, ಅಂಚಿನಲ್ಲಿ ನಿಲ್ಲುವವರೂ ಕೆಲವರು. ರ‍್ಯಾಂಕಿನಲ್ಲಾದರೋ ಇಬ್ಬಿಬ್ಬರ ನಡುವೆ ಒಂದೊಂದು ಗೆರೆ.

ಆನರ್ಸ್ ಎಂಬ ಹೆಸರಿನ ಗತಿಯನ್ನೂ ಇಲ್ಲಿಯೇ ನೋಡಬಹುದು. 2021–22ರಲ್ಲಿ ಕರ್ನಾಟಕದಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿಯ ಏರ್ಪಾಡು ಬಂದಿತು. 2024–25ರಿಂದ ಸರಕಾರವು ಹೊಸದಾಗಿ ಸೇರುವವರಿಗೆ ಮೂರು ವರ್ಷದ ಪದವಿಯನ್ನೇ ಮತ್ತೆ ಗೊತ್ತುಪಡಿಸಿತು. ಒಂದೇ ಮನೆಯ ಅಕ್ಕನು ಒಂದು ಪದ್ಧತಿಯಲ್ಲಿಯೂ ತಮ್ಮನು ಇನ್ನೊಂದರಲ್ಲಿಯೂ ಓದುವಂತಾಯಿತು. ಗೌರವದ ಹೆಸರುಗಳನ್ನು ಕೊಡುವವರೂ ತೆಗೆಯುವವರೂ ಬೇರೆಯವರು. ಅಕ್ಕನು ಓದಿದ ಅರ್ಥಶಾಸ್ತ್ರವನ್ನು ಯಾವ ಆದೇಶವೂ ಅವಳಿಂದ ತೆಗೆದುಕೊಳ್ಳಲಾರದು.

ಹಾಗಾದರೆ ಫಲಿತಾಂಶಕ್ಕೆ ಮಹತ್ತ್ವವಿಲ್ಲವೆ ಎಂದರೆ, ಬಹಳವುಂಟು. ಅದರಲ್ಲಿಯೂ ಈ ಗಡಿಸೀಮೆಯಲ್ಲಿ ಅದು ಸಕಾಲಕ್ಕೆ ಬರುವುದರ ಮಹತ್ತ್ವ ಇನ್ನೂ ಹೆಚ್ಚು. ನಿಪ್ಪಾಣಿಯ ವಿದ್ಯಾರ್ಥಿಗೆ ಎರಡು ಬಾಗಿಲುಗಳಿವೆ. ಒಂದು ದಕ್ಷಿಣಕ್ಕೆ ಬೆಳಗಾವಿಯ ಕಡೆಗೆ, ಇನ್ನೊಂದು ಉತ್ತರಕ್ಕೆ, 1962ರಲ್ಲಿ ಸ್ಥಾಪಿತವಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕಡೆಗೆ. ಊರಿಗೆ ಅಂಟಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ನೆಲದಲ್ಲಿದ್ದು ಆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಊರೊಳಗಿನ ಬಾಗೇವಾಡಿ ಕಾಲೇಜಿನ ಸಂಬಂಧ ಬೆಳಗಾವಿಯೊಡನೆ. ಕಾಗವಾಡದವರಿಗೆ ಮಿರಜ, ಸಾಂಗಲಿಗಳು ಬೆಳಗಾವಿಗಿಂತ ಹತ್ತಿರ. ಎರಡು ಬಾಗಿಲುಗಳಿರುವುದು ಭಾಗ್ಯವೇ ಸರಿ. ಆದರೆ ಎರಡೂ ಒಂದೇ ಸಮಯಕ್ಕೆ ತೆರೆಯುವುದಿಲ್ಲ, ಒಂದೇ ಸಮಯಕ್ಕೆ ಮುಚ್ಚುವುದೂ ಇಲ್ಲ. ಒಂದು ಕಡೆ ಫಲಿತಾಂಶ ಹದಿನೈದು ದಿನ ತಡವಾದರೆ ಇನ್ನೊಂದು ಕಡೆ ಪ್ರವೇಶದ ಅವಧಿ ಮುಗಿದುಹೋಗಬಹುದು.

ಉಳ್ಳವರ ಮಗನು ಇಂತಹ ಸಂದರ್ಭದಲ್ಲಿ ಒಂದು ವರ್ಷ ಕಾದಾನು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗಳು ಕಾಯುವುದು ಹೇಗೆ? ಉಗಾರದ ಸಕ್ಕರೆ ಕಾರಖಾನೆಗೆ ಕಬ್ಬು ಕಡಿದು ಸಾಗಿಸುವವನ ಮಗನು ಕಾಯುವುದು ಹೇಗೆ? ಫಲಿತಾಂಶವಿಲ್ಲದ ಪ್ರತಿಯೊಂದು ವಾರವೂ ಮನೆಯಲ್ಲಿ ಒಂದು ಮಾತನ್ನು ಎಬ್ಬಿಸುತ್ತದೆ. ಮಗನಾದರೆ, ಇನ್ನು ಓದಿದ್ದು ಸಾಕು, ದುಡಿಮೆಗೆ ನಿಲ್ಲು ಎಂಬ ಮಾತು. ಮಗಳಾದರೆ, ವರನು ಬಂದಿದ್ದಾನೆ ಎಂಬ ಮಾತು. ಅಂಕಪಟ್ಟಿಯು ಕೈಗೆ ಬಂದಿದ್ದರೆ ಅವಳು ಅದನ್ನು ತಂದೆಯ ಮುಂದಿಟ್ಟು, ಅಪ್ಪಾ, ನನಗೆ ಪ್ರಥಮ ದರ್ಜೆ ಬಂದಿದೆ, ಎಂ.ಎ.ಗೆ ಸೇರಿಸು ಎಂದು ಕೇಳಬಲ್ಲಳು. ಬರಿಗೈಯಲ್ಲಿ ಅವಳೇನು ಕೇಳಬೇಕು? ಆ ಹುಡುಗಿಗೆ ದರ್ಜೆಯು ಅಲಂಕಾರವಲ್ಲ, ವಾದಕ್ಕೆ ಆಧಾರ. ವಿಶ್ವವಿದ್ಯಾಲಯ ಯಾವುದೇ ಆಗಲಿ, ಗೊತ್ತುಪಡಿಸಿದ ದಿನಕ್ಕೆ ಫಲಿತಾಂಶವನ್ನು ಕೊಡುವುದು ಅದು ಹಂಚುವ ಪದಕಗಳೆಲ್ಲಕ್ಕಿಂತ ದೊಡ್ಡ ಉಪಕಾರವೆಂದು ನಾನು ಭಾವಿಸಿದ್ದೇನೆ. ಹತ್ತು ಪದಕಗಳು ಹತ್ತು ಮಂದಿಗೆ ಸಂತೋಷವನ್ನು ಕೊಡುತ್ತವೆ. ಸಕಾಲದ ಅಂಕಪಟ್ಟಿಯು ಸಾವಿರಾರು ಮಂದಿಗೆ ಮುಂದಿನ ದಾರಿಯನ್ನು ಕೊಡುತ್ತದೆ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತ ನನ್ನ ಸಹೋದ್ಯೋಗಿಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥನೆ.

ತಂದೆತಾಯಿಗಳಿಗೆ ಒಂದು ಮಾತು. ರ‍್ಯಾಂಕನ್ನು ಕೇಳುವ ಚಟ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ಜಿಲ್ಲೆಗಳನ್ನೇ ಸಾಲಾಗಿ ನಿಲ್ಲಿಸಿ, ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಎಷ್ಟನೆಯ ಸ್ಥಾನವೆಂದು ಕೇಳುತ್ತೇವೆ. ಜಿಲ್ಲೆಯು ನೊಂದುಕೊಳ್ಳುವುದಿಲ್ಲ, ಮಗುವು ನೊಂದುಕೊಳ್ಳುತ್ತದೆ. ಪಕ್ಕದ ಮನೆಯವನಿಗೆ ಎಷ್ಟು ಬಂತು ಎಂಬ ಪ್ರಶ್ನೆಯನ್ನು ಫಲಿತಾಂಶದ ದಿನದಂದು ದಯವಿಟ್ಟು ಕೇಳಬೇಡಿರಿ. ಅನುತ್ತೀರ್ಣನಾದವನಿಗೆ ಆ ದಿನ ಬೇಕಾದದ್ದು ಒಂದು ತುತ್ತು ಊಟವೂ ಜೊತೆಗೆ ಕುಳಿತುಕೊಳ್ಳುವ ಒಬ್ಬ ಮನುಷ್ಯನೂ. ಪರೀಕ್ಷೆಯು ಮತ್ತೆ ಬರುತ್ತದೆ. ನಮ್ಮ ಮಕ್ಕಳಲ್ಲಿ ಕೆಲವರು ಒಂದು ಪಟ್ಟಿಯಲ್ಲಿ ಹೆಸರು ಕಾಣದೆ ಪ್ರಾಣವನ್ನೇ ಕಳೆದುಕೊಂಡ ಸುದ್ದಿಯನ್ನು ವರ್ಷವರ್ಷವೂ ಓದುತ್ತಿದ್ದೇವೆ. ಯಾವ ಪದಕವೂ ಆ ನಷ್ಟವನ್ನು ತುಂಬಿಕೊಡಲಾರದು.

ಇನ್ನು ಕಾಯುತ್ತಿರುವ ವಿದ್ಯಾರ್ಥಿಮಿತ್ರರೆ, ನಿಮ್ಮ ಆಸೆಯನ್ನು ಬಿಡಿರೆಂದು ನಾನು ಹೇಳುವುದಿಲ್ಲ. ದರ್ಜೆಯನ್ನು ಧಾರಾಳವಾಗಿ ಆಶಿಸಿರಿ, ಅದು ನೀವು ದುಡಿದದ್ದರ ಕೂಲಿ. ರ‍್ಯಾಂಕು ಬಂದರೆ ಸಂತೋಷಪಡಿರಿ. ಬಾರದಿದ್ದರೆ 1862ನ್ನು ನೆನೆಯಿರಿ. ಆ ವರ್ಷ ಮುಂಬಯಿ ವಿಶ್ವವಿದ್ಯಾಲಯದ ಮೊಟ್ಟಮೊದಲ ಬಿ.ಎ. ಪದವೀಧರರಾಗಿ ಹೊರಬಿದ್ದವರು ನಾಲ್ವರೇ ನಾಲ್ವರು: ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಳ ಭಾಂಡಾರಕರ, ಬಾಳ ಮಂಗೇಶ ವಾಗಳೆ, ವಾಮನ ಆಬಾಜಿ ಮೋಡಕ. ಇವರಲ್ಲಿ ರಾನಡೆಯವರು ಬಾಲ್ಯದಲ್ಲಿ ಓದಿದ್ದು ನಿಪ್ಪಾಣಿಗೆ ನೆರೆಯ ಕೊಲ್ಹಾಪುರದಲ್ಲಿ. ನಾಲ್ವರಲ್ಲಿ ನಾಲ್ಕನೆಯವರು ಯಾರೆಂದು ಇಂದು ಯಾರೂ ಕೇಳುವುದಿಲ್ಲ. ರಾನಡೆಯವರನ್ನು ಅವರ ಸಮಾಜಸುಧಾರಣೆಯಿಂದಲೂ, ಭಾಂಡಾರಕರರನ್ನು ಅವರ ಸಂಸ್ಕೃತಪಾಂಡಿತ್ಯದಿಂದಲೂ ಜನ ನೆನೆಯುತ್ತಾರೆ.

ಕಾಯುವ ಈ ದಿನಗಳಲ್ಲಿ ಪಠ್ಯಪುಸ್ತಕಕ್ಕೆ ಸೇರದ ಒಂದು ಒಳ್ಳೆಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿರಿ. ಅದರ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಯಾರೂ ಅಂಕ ಕೊಡುವುದಿಲ್ಲ. ಆದರೂ ಓದಬೇಕೆನ್ನಿಸಿದರೆ, ನೀವು ಕಾಲೇಜಿನಲ್ಲಿ ಕಳೆದ ವರ್ಷಗಳು ಸಾರ್ಥಕವಾದವೆಂದು ತಿಳಿಯಿರಿ. ನಿಮ್ಮೆಲ್ಲರಿಗೂ ಒಳ್ಳೆಯ ಫಲಿತಾಂಶ ಬರಲಿ, ಅದು ಬೇಗ ಬರಲಿ.