ಬಳಸಿದ ಪ್ಲಗ್-ಇನ್ ಹೈಬ್ರಿಡ್ ಕಾರು: ಕೊಳ್ಳುವ ಮುನ್ನ ಬ್ಯಾಟರಿಯ ಪರೀಕ್ಷೆ



ಹಳೆಯ ಕಾರು ಕೊಳ್ಳುವಾಗ ನಮ್ಮ ಹಿರಿಯರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದರು, ಹೊಗೆಯ ಬಣ್ಣ ನೋಡುತ್ತಿದ್ದರು, ಟೈರುಗಳನ್ನು ಮುಟ್ಟಿ ಪರೀಕ್ಷಿಸುತ್ತಿದ್ದರು. ಪೆಟ್ರೋಲ್ ಕಾರಿಗೆ ಇಷ್ಟು ಬಹುಮಟ್ಟಿಗೆ ಸಾಕಾಗುತ್ತಿತ್ತು. ಆದರೆ ವಿದ್ಯುತ್ತಿನಿಂದಲೂ ಓಡುವ ಕಾರಿನ ಅತ್ಯಂತ ಬೆಲೆಯುಳ್ಳ ಭಾಗಗಳಲ್ಲೊಂದು ಮುಚ್ಚಿದ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಅದು ಸದ್ದು ಮಾಡುವುದಿಲ್ಲ, ಹೊಗೆ ಉಗುಳುವುದಿಲ್ಲ. ಕ್ಷೀಣಿಸಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದೇ ಬ್ಯಾಟರಿ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ತೊಡಗಿಸುವ ಮಧ್ಯಮ ವರ್ಗದ ಕುಟುಂಬವು ಇದನ್ನು ಅಲಕ್ಷಿಸಿದರೆ ಅಗ್ಗವೆಂದು ಕೊಂಡ ಕಾರೇ ದುಬಾರಿಯಾದೀತು.

ಬ್ಯಾಟರಿಗಿಂತ ಕಾರಿನ ಮೈ ಹೆಚ್ಚು ಕಾಲ ಬಾಳುತ್ತದೆಂಬ ಅನುಭವ ಕನ್ನಡಿಗರಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ ಸೀಸ-ಆಮ್ಲ ಬ್ಯಾಟರಿಗಳಿದ್ದು, ಕೆಲವೇ ವರ್ಷಗಳಲ್ಲಿ ಅವುಗಳನ್ನು ಬದಲಾಯಿಸಬೇಕಾಗುತ್ತಿತ್ತು. ಇಂದಿನ ಲಿಥಿಯಂ-ಅಯಾನ್ ಬ್ಯಾಟರಿ ಹೆಚ್ಚು ಕಾಲ ಬಾಳುವುದಾದರೂ ಅದಕ್ಕೂ ಮುಪ್ಪು ತಪ್ಪಿದ್ದಲ್ಲ. ಕಾಲ, ಶಾಖ, ಮತ್ತೆ ಮತ್ತೆ ಚಾರ್ಜ್ ಮಾಡಿ ಬರಿದು ಮಾಡುವುದು — ಈ ಮೂರೂ ಅದರ ಸಾಮರ್ಥ್ಯವನ್ನು ಕುಗ್ಗಿಸುತ್ತವೆ.

ಪ್ಲಗ್-ಇನ್ ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ, ಹೊರಗಿನಿಂದ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನೂ ಹೊಂದಿದ ಕಾರು. ನಮ್ಮ ದೇಶದಲ್ಲಿ ಇಂಥ ಕಾರುಗಳು ವಿರಳ. ಇರುವವು ಹೆಚ್ಚಾಗಿ ದುಬಾರಿ ವರ್ಗದವು. ಆದ್ದರಿಂದಲೇ ಅರ್ಧ ಬೆಲೆಗೆ ಸಿಕ್ಕಾಗ ಮನಸ್ಸು ಸೆಳೆಯುತ್ತವೆ. ಇವುಗಳಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಬ್ಯಾಟರಿ ಬರಿದಾದರೂ ಪೆಟ್ರೋಲಿನಿಂದ ಕಾರು ಓಡುತ್ತಲೇ ಇರುತ್ತದೆ. ಹೀಗಾಗಿ ದೋಷವು ಮುಚ್ಚಿಹೋಗುತ್ತದೆ. ಎರಡನೆಯದಾಗಿ, ಓಡಿದ ಕಿಲೋಮೀಟರುಗಳ ಲೆಕ್ಕ ಇಲ್ಲಿ ಪೂರ್ಣ ಸತ್ಯವನ್ನು ಹೇಳುವುದಿಲ್ಲ. 50,000 ಕಿ.ಮೀ. ಓಡಿದ ಎರಡು ಕಾರುಗಳ ಪೈಕಿ ಒಂದು ಬಹುಪಾಲು ಪೆಟ್ರೋಲಿನಲ್ಲೇ ಓಡಿರಬಹುದು. ಇನ್ನೊಂದರ ಚಿಕ್ಕ ಬ್ಯಾಟರಿ ದಿನವೂ ತುಂಬಿ ದಿನವೂ ಬರಿದಾಗಿರಬಹುದು.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು, ತಯಾರಕರ ಅಧಿಕೃತ ಸೇವಾ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ಬಗ್ಗೆ ಲಿಖಿತ ವರದಿ ಪಡೆಯಬೇಕು. ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಶೇಕಡಾ ಎಷ್ಟು ಉಳಿದಿದೆ ಎಂಬುದು ಅದರಲ್ಲಿರಬೇಕು. ಅನಂತರ ನೀವೇ ಓಡಿಸಿ ನೋಡಿರಿ. ಬ್ಯಾಟರಿಯನ್ನು ಪೂರ್ಣ ತುಂಬಿಸಿ, ವಿದ್ಯುತ್ ಮಾತ್ರದ ಕ್ರಮದಲ್ಲಿಟ್ಟು, ದಹಿಸರ್‌ನಿಂದ ಬಾಂದ್ರಾವರೆಗೆ ಪಶ್ಚಿಮ ದ್ರುತಗತಿ ಹೆದ್ದಾರಿಯಲ್ಲಿ ಸಾಗಿದರೆ ಸುಮಾರು 25 ಕಿ.ಮೀ. ಆಗುತ್ತದೆ. ಕಾರಿನ ಫಲಕವು 6 ಯೂನಿಟ್ ವೆಚ್ಚವಾಯಿತೆಂದೂ ಬ್ಯಾಟರಿ ಶೇಕಡಾ 60ರಷ್ಟು ಇಳಿಯಿತೆಂದೂ ತೋರಿಸಿದರೆ, ಒಟ್ಟು ಬಳಕೆಯ ಸಾಮರ್ಥ್ಯ ಸುಮಾರು 10 ಯೂನಿಟ್ ಎಂದಾಯಿತು. ಹೊಸದಿದ್ದಾಗ ಅದು 12 ಯೂನಿಟ್ ಆಗಿದ್ದರೆ, ಉಳಿದಿರುವುದು ಸುಮಾರು ಶೇಕಡಾ 83. ಇದು ಅಂದಾಜಿನ ಲೆಕ್ಕವಷ್ಟೇ. ಆದರೂ ಇದಕ್ಕೂ ವರದಿಗೂ ಬಹಳ ಅಂತರ ಕಂಡರೆ ಕಾರಣ ಕೇಳಬೇಕು. ಬ್ಯಾಟರಿ ತುಂಬಿಸದೆಯೇ ಕಾರು ತೋರಿಸುವ ಮಾರಾಟಗಾರನಿಗೆ, ಮತ್ತೊಂದು ದಿನ ತುಂಬಿಸಿ ತೋರಿಸುವಂತೆ ಹೇಳಲು ಸಂಕೋಚಪಡಬಾರದು.

ಮುಂಬಯಿಯ ಕಾರಿಗೆ ನೀರಿನ ಪರೀಕ್ಷೆಯೂ ಅತ್ಯವಶ್ಯಕ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಈ ನಗರ ಮರೆತಿಲ್ಲ. ರಾಷ್ಟ್ರೀಯ ಉದ್ಯಾನದಿಂದ ಇಳಿದು ಬರುವ ದಹಿಸರ್ ನದಿಯ ಆಸುಪಾಸಿನವರಿಗೆ ಮಳೆಗಾಲದ ನೀರು ಪರಿಚಿತವೇ. ಬ್ಯಾಟರಿಯ ಪೆಟ್ಟಿಗೆ ನೀರು ನುಗ್ಗದಂತೆ ರಚಿತವಾಗಿದ್ದರೂ, ಮುಳುಗಿದ ಕಾರಿನ ತಂತಿಗಳೂ ಜೋಡಣೆಗಳೂ ನಿಧಾನವಾಗಿ ತುಕ್ಕು ಹಿಡಿಯುತ್ತವೆ. ನೆಲಹಾಸಿನ ಕೆಳಗಿನ ಕೆಸರು, ಆಸನದ ಬೋಲ್ಟುಗಳ ತುಕ್ಕು, ವಿಮಾ ಪರಿಹಾರದ ಹಿಂದಿನ ದಾಖಲೆ — ಇವನ್ನು ನೋಡತಕ್ಕದ್ದು.

ಇನ್ನು ವಾರಂಟಿಯ ವಿಷಯ. ಭಾರತದಲ್ಲಿ ಅನೇಕ ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ನೀಡುತ್ತಾರೆ. ಈ ಅವಧಿ ಆರಂಭವಾಗುವುದು ಕಾರು ಮೊದಲ ಮಾಲೀಕನ ಕೈಸೇರಿದಾಗ; ನೀವು ಕೊಂಡಾಗ ಅಲ್ಲ. 2019ರ ಜೂನ್‌ನಲ್ಲಿ ಮಾರಾಟವಾದ ಕಾರನ್ನು 2025ರ ಜೂನ್‌ನಲ್ಲಿ ಕೊಂಡವರಿಗೆ ದೊರೆತದ್ದು ಎರಡೇ ವರ್ಷ. ಅದು ಆಗಲೇ 1,45,000 ಕಿ.ಮೀ. ಓಡಿದ್ದರೆ ಉಳಿದದ್ದು 15,000 ಕಿ.ಮೀ. ಮಾತ್ರ. ‘ಜೀವಮಾನದ ವಾರಂಟಿ’ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಕೆಲವು ತಯಾರಕರಲ್ಲಿ ಅದು ಮೊದಲ ಮಾಲೀಕನಿಗೆ ಮಾತ್ರ ಮೀಸಲು. ಅಪಘಾತ, ನೀರಿನ ಹಾನಿ, ಬಾಡಿಗೆಯ ಬಳಕೆ, ಅನಧಿಕೃತ ದುರಸ್ತಿ ಇವುಗಳಿಂದ ವಾರಂಟಿ ರದ್ದಾಗುವ ಷರತ್ತುಗಳೂ ಇರುತ್ತವೆ. ಆದ್ದರಿಂದ ಕಾರಿನ ಚಾಸಿಸ್ ಸಂಖ್ಯೆಯನ್ನು ನಮೂದಿಸಿ, ಎರಡನೆಯ ಮಾಲೀಕನಿಗೆ ಎಷ್ಟು ಕಾಲ, ಯಾವ ಷರತ್ತಿನ ಮೇಲೆ ವಾರಂಟಿ ಲಭ್ಯ ಎಂಬುದನ್ನು ತಯಾರಕರಿಂದಲೇ ಲಿಖಿತವಾಗಿ ಪಡೆಯಿರಿ. ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬ್ಯಾಟರಿ ಬದಲಿಸಿಕೊಡುತ್ತಾರೆ ಎಂಬುದನ್ನೂ ಕೇಳಿರಿ.

ಕಾಗದಪತ್ರಗಳಲ್ಲಿ ಉದಾಸೀನ ಸಲ್ಲದು. ಎಂ.ಎಚ್. 47 ಎಂಬ ಬೊರಿವಲಿಯ ಸಂಖ್ಯೆಯ ಕಾರಾಗಲಿ, ಬೇರೆಡೆಯದಾಗಲಿ, ನಮೂನೆ 29 ಮತ್ತು 30ರ ಮೂಲಕ ನೋಂದಣಿ ನಿಮ್ಮ ಹೆಸರಿಗೆ ವರ್ಗವಾಗಬೇಕು. ಸಾಲವಿದ್ದರೆ ಅದು ತೀರಿದ ದಾಖಲೆ ಬೇಕು. ಬಳಸಿದ ವಾಹನಗಳ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರ ನೀಡುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದನ್ನು ತೋರಿಸುವಂತೆ ಕೇಳಿರಿ. ವ್ಯಾಪಾರಿಯು ದೋಷವನ್ನು ಮರೆಮಾಚಿ ಮಾರಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಾಗ ಈ ಮಾರ್ಗ ಸುಲಭವಾಗಿ ತೆರೆದಿರುವುದಿಲ್ಲ. ಅಂಥಲ್ಲಿ ಮುನ್ನೆಚ್ಚರಿಕೆಯೇ ಮುಖ್ಯ ರಕ್ಷಣೆ.

ಬಂಧುಗಳೇ, ವರದಿ ಕೈಗೆ ಬರಲಿ, ವಾರಂಟಿ ಬರವಣಿಗೆಯಲ್ಲಿ ಬರಲಿ. ಆಮೇಲೆ ಮುಂಗಡ ಕೊಡಿರಿ. ಇವೆರಡನ್ನು ಕೊಡಲು ಹಿಂಜರಿಯುವವರ ಕಾರು ಎಷ್ಟೇ ಹೊಳೆಯುತ್ತಿದ್ದರೂ, ಅದನ್ನು ಬಿಟ್ಟು ಬರುವುದೇ ಜಾಣತನ.