ಗೇಟಿನಲ್ಲಿ ನಿಂತವರೂ ಯೋಧರೇ!

ಕನ್ನಡದ ಯುವ ಮಿತ್ರರೇ,

ನಾನು ಭಾಷಣಕಾರನಲ್ಲ, ಪ್ರೆಸ್ ಇಟ್ಟುಕೊಂಡವನು. ನೇರ ಮಾತಾಡುತ್ತೇನೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಹೂತಿದ್ದರೂ ಜೀವಂತ ಸಿಕ್ಕರು, 11ರಂದು ತೀರಿಕೊಂಡರು. ಆಗ ಶ್ರದ್ಧಾಂಜಲಿ ಪೋಸ್ಟರ್ ಅಚ್ಚಿಗೆ ಬಂತು. ಅದರಲ್ಲಿ ಯೋಧನ ಮುಖಕ್ಕಿಂತ ಮುಖಂಡರ ಮುಖವೇ ದೊಡ್ಡದು!

ಸತ್ತವರಿಗೆ ಪೋಸ್ಟರ್. ಬದುಕಿ ಬಂದವರಿಗೆ?

ಎಷ್ಟೋ ಸಿಪಾಯಿಗಳು ನಲವತ್ತು ತುಂಬುವ ಮೊದಲೇ ನಿವೃತ್ತರಾಗುತ್ತಾರೆ. ಮಕ್ಕಳ ಓದು, ಮನೆ ಸಾಲ ಆಗಿನ್ನೂ ಮುಗಿದಿರುವುದಿಲ್ಲ. ಬೆಂಗಳೂರಿನ ಬ್ಯಾಂಕು, ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ನಿಂತವರಲ್ಲಿ ಅವರೂ ಇದ್ದಾರೆ. "ಏಯ್ ವಾಚ್‌ಮನ್" ಎಂದು ಕೂಗಬೇಡಿ. ಹೆಸರು ಕೇಳಿ, ಊರು ಕೇಳಿ, ಯಾವ ರೆಜಿಮೆಂಟ್ ಎಂದು ಕೇಳಿ. ಬಸ್ಸಿನಲ್ಲಿ ಸೀಟು ಬಿಡಿ. ಇಂಗ್ಲಿಷಿನ ಪಿಂಚಣಿ ಅರ್ಜಿ ಹಿಡಿದು ಒದ್ದಾಡುವ ಹಿರಿಯರಿಗೆ ತುಂಬಿಕೊಡಿ. ಡಿಸೆಂಬರ್ 7ರ ಧ್ವಜ ದಿನ 1949ರಿಂದ ನಡೆದುಬಂದಿದೆ. ಮಾಜಿ ಸೈನಿಕರಿಗೆ, ಹುತಾತ್ಮರ ಮನೆಯವರಿಗೆ ಸಲ್ಲುವ ನಿಧಿ ಅದು. ಒಂದು ಕಾಫಿಯ ದುಡ್ಡನ್ನಾದರೂ ಹಾಕಿ.

ಕಾರ್ಯಪ್ಪ, ತಿಮ್ಮಯ್ಯ ನಮ್ಮ ಕೊಡಗಿನವರೆಂದು ಎದೆ ಉಬ್ಬಿಸುತ್ತೇವೆ. ಉಬ್ಬಿದ ಎದೆ ಗೇಟಿನ ಮುಂದೆ ಸ್ವಲ್ಪ ಬಾಗಲಿ.

ಜೈ ಕರ್ನಾಟಕ!